ಐದು ಬೆರಳಿನ ಸಂದು

ಬೇರೆ ಊರುಗಳಲ್ಲಿ ಗೋಡೆಗೆ ಕಿವಿ ಇರುತ್ತೆ ಅಂತಾರೆ. ನಮ್ಮೂರ ಗೋಡೆಗಳಿಗೆ ಕಾಲಿದೆ. ವರ್ಷಕ್ಕೊಂದು ದಿನ, ಬೆಳಿಗ್ಗೆ ಹಾಲಿನವನು ಬೀದಿಯ ಈ ತುದಿಯಿಂದ ಆ ತುದಿಗೆ ಹೋಗುವಷ್ಟರಲ್ಲಿ, ಪ್ರತಿ ಮನೆಯಲ್ಲೂ ಯಾವುದಾದರೂ ಒಂದು ಗೋಡೆ ಒಂದು ಬೆರಳೋ ಎರಡು ಬೆರಳೋ ಸರಿದು ನಿಲ್ಲುತ್ತೆ. ನಿಮ್ಮ ನಡುಮನೆ ಕುಗ್ಗಿದರೆ ಪಕ್ಕದವರ ಅಡುಗೆಮನೆ ಹಿಗ್ಗುತ್ತೆ. ಅದಕ್ಕೆ ನಾವು ಜಗಳ ಆಡೋದಿಲ್ಲ. ಹಿಗ್ಗಿದವರು ಕುಗ್ಗಿದವರ ಸಾಮಾನಿಗೆ ಜಾಗ ಕೊಡಬೇಕು, ಅಷ್ಟೇ ಪದ್ಧತಿ. ನಮ್ಮನೆ ಬೀರು ಒಂಬತ್ತು ವರ್ಷ ಪಕ್ಕದ ಮನೆಯಲ್ಲಿತ್ತು. ಹಬ್ಬಕ್ಕೆ ಒಳ್ಳೇ ಸೀರೆ ಉಡಬೇಕಾದರೆ ನಾನು ಅವರ ಬಾಗಿಲಲ್ಲಿ ನಿಂತು ಕೂಗಬೇಕಿತ್ತು, ಅವರು ಉಣ್ಣುತ್ತಿದ್ದರೆ ಉಂಡು ಮುಗಿಸೋ ತನಕ ಕಾಯಬೇಕಿತ್ತು.

ಕೂಗಬೇಕಿತ್ತು ಅಂದೆನಲ್ಲ, ಬಾಗಿಲು ಬಡಿಯೋ ಹಾಗಿಲ್ಲ ಅದಕ್ಕೆ. ನಮ್ಮೂರಲ್ಲಿ ಏನನ್ನೂ ಬಡಿಯೋ ಹಾಗಿಲ್ಲ. ಪೆಟ್ಟು ಬಿದ್ದರೆ ಗೋಡೆ ಆಗಿಂದಾಗಲೇ ಮುಂದಕ್ಕೆ ಬರುತ್ತೆ. ಹಾಗಾಗಿ ಸುತ್ತಿಗೆ ಇಲ್ಲ, ಮೊಳೆ ಇಲ್ಲ. ತೊಟ್ಟಿಲಿಂದ ಚಟ್ಟದ ತನಕ ಎಲ್ಲದಕ್ಕೂ ತಿರುಪು, ನೀವು ಸ್ಕ್ರೂ ಅಂತೀರಲ್ಲ ಅದು. ಅದರಲ್ಲೂ ಒಂದು ಹಟ ನಮ್ಮ ಜನಕ್ಕೆ. ತಿರುಪಿನ ತಲೆ ಮನುಷ್ಯರ ಕಣ್ಣಿಗೆ ಬೀಳಬಾರದು, ಗೋಡೆ ಕಡೆಗೇ ಇರಬೇಕು. ಚೆಂದದ ಮುಖ ಮನೆಯೊಳಕ್ಕೆ, ತಿರುಪಿನ ತಲೆ ಗೋಡೆಗೆ. ಗೋಡೆ ಹತ್ತಿರ ಬಂದಾಗ ಆ ತಲೆಗಳೆಲ್ಲ ಸಂದಿಯೊಳಗೆ ಸಿಕ್ಕಿಕೊಳ್ಳುತ್ತವೆ ಅಂತ ಎಲ್ಲರಿಗೂ ಗೊತ್ತು. ಆದರೂ ಮುಂದಿನ ಮಂಚವನ್ನೂ ಹಾಗೇ ಮಾಡಿಸುತ್ತಾರೆ. ಕೇಳಿದರೆ ಹಿಂದಿನಿಂದ ನಡೆದುಬಂದದ್ದು ಅಂತ ಬಾಯಿ ಮುಚ್ಚಿಸುತ್ತಾರೆ.

ಆ ಹಟದಿಂದಲೇ ನಮ್ಮ ಮನೆ ಒಲೆ ಉರಿದದ್ದು. ನಮ್ಮದು ತಿರುಪಿನವರ ಮನೆ. ನಮ್ಮಪ್ಪ ಚೌಡಾಚಾರ್, ಅವರಪ್ಪ, ಅವರಪ್ಪ, ಎಲ್ಲರದೂ ಸಪೂರ ಮಣಿಕಟ್ಟು, ಉದ್ದ ಬೆರಳು. ಮೋಟು ತಿರುಪುಳಿ ಹಿಡಿದು ಸಂದಿಯೊಳಗೆ ಕೈ ತೂರಿಸಿ, ಕಣ್ಣಿಗೆ ಕಾಣದ ತಿರುಪನ್ನು ಬೆರಳಲ್ಲೇ ಹುಡುಕಿ ಬಿಚ್ಚುತ್ತಿದ್ದರು. ನಮ್ಮ ತಲೆಬಾಗಿಲ ಚೌಕಟ್ಟಿಗೆ ಒಂದು ಕಬ್ಬಿಣದ ಬಳೆ ಬಿಗಿದಿತ್ತು. ಅಳತೆ ಬಳೆ. ಹನ್ನೆರಡು ತುಂಬಿದ ಮಕ್ಕಳು ಅದರೊಳಗೆ ಕೈ ತೂರಿಸಬೇಕಿತ್ತು. ಮೊಣಕೈ ತನಕ ಸಲೀಸಾಗಿ ಹೋದರೆ ಕಸುಬು ಸಿಗುತ್ತಿತ್ತು.

ನನ್ನ ಕೈ ಹೆಬ್ಬೆರಳ ಬುಡದಲ್ಲೇ ಸಿಕ್ಕಿಕೊಂಡಿತು. ಎಳೆದರೂ ಬರಲಿಲ್ಲ. ಅಮ್ಮ ಸೋಪಿನ ನೀರು ತಂದು ಸುರಿದಳು, ಬೀದಿಯವರೆಲ್ಲ ನೋಡ್ತಾ ನಿಂತಿದ್ದರು, ನಾನು ಅತ್ತಿದ್ದು ನೋವಿಗಲ್ಲ. ಅವತ್ತಿಂದ ಬೀದಿಗೆಲ್ಲ ನಾನು ಒನಕೆ. ಒನಕೆ ಕೈಯವಳು. ಎರಡು ವರ್ಷದ ಮೇಲೆ ನನ್ನ ತಮ್ಮ ಮೋನನ ಕೈ ಬೆಣ್ಣೆಯಲ್ಲಿ ಹೋದಂಗೆ ಹೋಯಿತು. ಅಪ್ಪ ಅವನನ್ನು ಎತ್ತಿ ಕುಣಿಸಿದ. ನಾನು ಇಪ್ಪತ್ತು ವರ್ಷ ಅವರಿಬ್ಬರಿಗೂ ತಿರುಪುಳಿ ಎತ್ತಿಕೊಟ್ಟುಕೊಂಡು, ಬಿಚ್ಚಿದ ತಿರುಪುಗಳನ್ನು ಡಬ್ಬಿಗೆ ಹಾಕಿಕೊಂಡು, ಟೀ ಕಾಯಿಸಿಕೊಂಡು ಕಳೆದೆ. ಯಾವ ಮರ ಹೇಗೆ ಬಿರಿಯುತ್ತೆ, ಯಾವ ತಿರುಪು ಎಷ್ಟು ಸುತ್ತು ತಿರುಗಿಸಿದರೆ ಸಡಿಲ ಆಗುತ್ತೆ, ಎಲ್ಲ ನನಗೆ ಗೊತ್ತಿತ್ತು. ಕೈಯೊಂದು ಬಿಟ್ಟು ಎಲ್ಲ ಇತ್ತು.

ಹೋದ ವರ್ಷ ಮೋನನ ಹೆಂಡತಿಯ ಬಾಣಂತನಕ್ಕೆ ಅಂತ ಹೊಳೆ ಆಚೆ ಅವಳ ತವರೂರಿಗೆ ಹೋಗಿದ್ದೆ. ಅವರ ಮನೆ ಎದುರಿಗೆ ಬಸ್ಸಿನ ಬಾಡಿ ಕಟ್ಟುವ ಶೆಡ್ಡು. ಒಂದು ದಿನ ಬಸ್ಸೊಳಗೆ ಸೀಟಿನ ಅಡಿ ಒಬ್ಬ ಆಳು ಅಂಗಾತ ಮಲಗಿದ್ದ. ನನಗಿಂತ ದಪ್ಪ, ಅವನ ಕೈ ನೋಡಿದರೆ ಬಾಳೆದಿಂಡು. ಆ ಕೈಯಲ್ಲಿ ಒಂದು ಗೇಣುದ್ದದ ಡ್ರಿಲ್ ಮಿಷನ್ನು. ವೈರಿಲ್ಲ, ಬುಡದಲ್ಲಿ ಬ್ಯಾಟರಿ. ಸೀಟಿಗೂ ಬಸ್ಸಿನ ತಗಡಿಗೂ ನಡುವೆ ಇಲಿ ಹೋಗುವಷ್ಟು ಜಾಗ. ಅವನು ಮಿಷನ್ನಿನ ಮೂತಿ ಹಿಡಿದು ತಿರುವಿ ಟಕ್ಕಂತ ಕಳಚಿದ, ಮೊಣಕೈ ಥರ ಬಗ್ಗಿದ ಇನ್ನೊಂದು ಮೂತಿ ಹಾಕಿದ, ಸಂದಿಗೆ ಇಟ್ಟ. ಗುರ್ ಅಂತು. ತಿರುಪು ತಾನಾಗೇ ಈಚೆ ಬಂತು. ಅವನ ಕೈ ಸಂದಿಯೊಳಗೆ ಹೋಗಲೇ ಇಲ್ಲ, ಹೊರಗೇ ಇತ್ತು.

ನನಗೆ ಮೈಯೆಲ್ಲ ಜುಂ ಅಂದುಬಿಟ್ಟಿತು. ಅಲ್ಲೇ ಬಸ್ಸಿನ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಇಪ್ಪತ್ತು ವರ್ಷ ನನ್ನ ಕೈಯದೇ ತಪ್ಪು ಅಂದುಕೊಂಡಿದ್ದೆನಲ್ಲ, ತಪ್ಪು ತಿರುಪುಳಿಯದು. ಬಾಣಂತನ ಮುಗಿದ ಮೇಲೂ ಊರಿಗೆ ಬರಲಿಲ್ಲ. ಎರಡು ತಿಂಗಳು ಅದೇ ಶೆಡ್ಡಿನಲ್ಲಿ ಸೀಟು ಜೋಡಿಸಿದೆ, ಕೂಲಿ ಬದಲು ಅಂಥದೇ ಮಿಷನ್ನು ತರಿಸಿಕೊಡಿ ಅಂತ ಕೇಳಿಕೊಂಡೆ. ನಾಲ್ಕು ತಲೆ ಇದ್ದವು ಅದಕ್ಕೆ. ನೆಟ್ಟಗಿನದು ಒಂದು, ಮೂಲೆಗೆ ಅಂತ ಓರೆಯದು ಒಂದು, ಮೊಣಕೈಯದು ಒಂದು, ಅದಕ್ಕಿಂತ ಗಿಡ್ಡ ಮೋಟು ಒಂದು. ಬಸ್ಸಲ್ಲಿ ಊರಿಗೆ ಬರುವಾಗ ಡಬ್ಬಿಯನ್ನು ತೊಡೆ ಮೇಲೆ ಇಟ್ಟುಕೊಂಡು, ನಾಲ್ಕನ್ನೂ ಹಾಕಿ ತೆಗೆದು ಹಾಕಿ ತೆಗೆದು ಮಾಡುತ್ತಿದ್ದೆ, ಪಕ್ಕದ ಸೀಟಿನವಳು ಜಾಗ ಬದಲಾಯಿಸಿಕೊಂಡಳು.

ಅಪ್ಪ ಅದನ್ನು ನೋಡಿದವನೇ ಮೂಗು ಮುರಿದ. ಉಗುರಲ್ಲಿ ಹೋಗೋದಕ್ಕೆ ಕೊಡಲಿ ಯಾಕೆ ಅಂದ. ನಾನು ಒಂದು ಸಲ ಗುಂಡಿ ಒತ್ತಿ ತೋರಿಸಿದೆ. ಆ ಗುರ್ ಸದ್ದಿಗೆ ಅಪ್ಪ ಓಡಿ ಹೋಗಿ ಗೋಡೆಗೆ ಅಂಗೈ ಇಟ್ಟು ನಿಂತ.

"ಇದು ಬಡಿಯೋದಲ್ಲಪ್ಪ, ಬರೀ ತಿರುಗುತ್ತೆ" ಅಂದೆ. "ಬಡಿಯೋ ಮಿಷನ್ನೇ ಬೇರೆ ಬರುತ್ತೆ, ಇದು ಅದಲ್ಲ."

"ನಿನಗೆ ಗೊತ್ತು. ಗೋಡೆಗೆ ಗೊತ್ತೇನೇ?" ಅಂದ ಅಪ್ಪ.

ಮಿಷನ್ನು ಅಕ್ಕಿ ಡಬ್ಬದ ಹಿಂದೆ ಹೋಯಿತು. ಯಾರೂ ಇಲ್ಲದಾಗ ನಾನು ಊರಾಚೆ ಬಯಲಿಗೆ ಒಯ್ದು ಹಳೇ ಹಲಗೆಗಳಿಗೆ ತಿರುಪು ಹಾಕಿ ತೆಗೆದು ಮಾಡುತ್ತಿದ್ದೆ. ಅಲ್ಲಿ ಗೋಡೆ ಇಲ್ಲವಲ್ಲ.

ಈಗ ಶಾವಿಗೆ ಪುಟ್ಟನಂಜಮ್ಮನ ಸಂಗತಿ ಹೇಳಬೇಕು. ನಾನು ನಂಜಮ್ಮತ್ತೆ ಅಂತೀನಿ. ಊರಿನ ಮದುವೆಗಳಿಗೆಲ್ಲ ಅವಳದೇ ಶಾವಿಗೆ. ಅವಳ ಹಿಂದಿನ ಕೋಣೆಯಲ್ಲಿ ಆಳೆತ್ತರದ ಶಾವಿಗೆ ಒರಳಿದೆ, ಹಲಸಿನ ಮರದ್ದು. ಮೇಲಿನ ಹಿಡಿ ಹಿಡಿದು ಸುತ್ತಿದರೆ ಕೆಳಗೆ ಬೆಳ್ಳಗೆ ಎಳೆ ಇಳಿಯುತ್ತೆ. ಗಂಡ ಸತ್ತ ಮೇಲೆ ಅವಳು ತಿಂದದ್ದು ಉಟ್ಟದ್ದು ಎಲ್ಲ ಆ ಒರಳಿನ ಋಣ. ಸುತ್ತುವಾಗ ಅಲ್ಲಾಡಬಾರದು ಅಂತ ಅದರ ಬೆನ್ನನ್ನು ನೆಲದಿಂದ ಮಾಳಿಗೆ ತನಕ ನಿಲ್ಲಿಸಿದ ಎರಡು ಕಂಬಕ್ಕೆ ಎಂಟು ತಿರುಪಿನಿಂದ ಬಿಗಿದಿದ್ದರು. ತಲೆಗಳೆಲ್ಲ ಕಂಬದ ಹಿಂದೆ, ಗೋಡೆ ಕಡೆಗೆ. ಕಂಬಕ್ಕೂ ಗೋಡೆಗೂ ಐದು ಬೆರಳು ಸಂದು ಇತ್ತು. ಇನ್ನೂ ಮೂರು ವರ್ಷ ಚಿಂತೆ ಇಲ್ಲ ಅಂತ ನಂಜಮ್ಮತ್ತೆ ಆರಾಮಾಗಿದ್ದಳು.

ಗೋಡೆ ನಡೆಯೋ ದಿನದ ಹಿಂದಿನ ಬೆಳಿಗ್ಗೆ ಅವಳು ತಲೆಗೂದಲು ಕೂಡ ಕಟ್ಟದೆ ನಮ್ಮನೆಗೆ ಬಂದಳು. ಹಿಂದಿನ ಗೋಡೆ ಬೆವರಿದೆ ಅಂದಳು. ಬೆವರಿದ ಗೋಡೆ ಒಂದೆರಡು ಬೆರಳಿಗೆ ನಿಲ್ಲೋದಿಲ್ಲ, ಒಂದು ಗೇಣು ಬರುತ್ತೆ. ಕಂಬ ಮುರಿಯುತ್ತೆ, ಕಂಬಕ್ಕೆ ಬಿಗಿದ ಒರಳಿನ ಬೆನ್ನೂ ಮುರಿಯುತ್ತೆ. ಅಷ್ಟು ಹೇಳಿ ನೆಲದ ಮೇಲೆ ಕೂತಳು, ನೀರು ಕೊಟ್ಟರೆ ಕುಡಿಯಲಿಲ್ಲ.

ಎಂಟು ತಿರುಪು ಬಿಚ್ಚಿದರೆ ಒರಳು ಕಂಬ ಬಿಟ್ಟು ಮುಂದಕ್ಕೆ ಬರುತ್ತೆ, ಅದರ ಭಾಗಗಳನ್ನು ಜೋಡಿಸಿರೋ ಗೂಟ ಕಿತ್ತರೆ ಬಿಡಿಬಿಡಿಯಾಗಿ ಬಾಗಿಲು ದಾಟುತ್ತೆ. ಕೆಲಸ ಇಷ್ಟೇ. ಅಪ್ಪ, ಮೋನ, ಹಿಂದೆ ಡಬ್ಬಿ ಹಿಡಿದು ನಾನು, ಮೂವರೂ ಹೋದೆವು. ಗೋಡೆ ಆಚೆ ಮನೆ ದರ್ಜಿ ಬಷೀರ್ ಸಾಬರದು. ಅವರಾಗಲೇ ಹೊಲಿಗೆ ಮಿಷನ್ನು, ಬಟ್ಟೆ ಗಂಟು ಎಲ್ಲ ಒಂದು ಮೂಲೆಗೆ ಸರಿಸಿ, ಒರಳಿಗೆ ಅಂತ ನೆಲ ಗುಡಿಸಿ ಕಾಯುತ್ತಿದ್ದರು. ಹಿಗ್ಗೋ ಮನೆಯವರ ಮರ್ಯಾದೆ ಅದು.

ಮೋನ ಕೈ ತೂರಿಸಿದ. ಕೈಯೇನೋ ಹೋಯಿತು. ಆದರೆ ಮೂವತ್ತು ವರ್ಷದ ಹಿಟ್ಟು, ಎಣ್ಣೆ, ತುಕ್ಕು ಎಲ್ಲ ಸೇರಿ ತಿರುಪು ಕಲ್ಲಾಗಿತ್ತು. ಒಂದು ಸಲಕ್ಕೆ ಕಾಲು ಸುತ್ತು ತಿರುಗಿಸೋದು, ತಿರುಪುಳಿ ತೆಗೆಯೋದು, ಮತ್ತೆ ಇಡೋದು. ಹೊತ್ತು ನೆತ್ತಿಗೆ ಬಂದಾಗ ಒಂದೇ ಒಂದು ತಿರುಪು ಈಚೆ ಬಂದಿತ್ತು. ಎರಡನೆಯದಕ್ಕೆ ಅವನು ರೋಷದಿಂದ ತಿರುವಿದ, ಮಣಿಕಟ್ಟು ಕಟಕ್ ಅಂತು. ಕೈ ಹೊರಗೆ ತೆಗೆದಾಗ ಊದಿ ನನ್ನ ಕೈಯಷ್ಟೇ ದಪ್ಪ ಆಗಿತ್ತು. ನಗಬಾರದಿತ್ತು, ಆದರೂ ಒಂದು ಗಳಿಗೆ ನಗು ಬಂತು. ಅಪ್ಪನ ಕೈಗೆ ಈಗ ನಡುಕ, ತಿರುಪುಳಿ ಗಾಡಿಯಲ್ಲೇ, ಅಂದರೆ ತಿರುಪಿನ ತಲೆಯ ಗೀರಿನಲ್ಲೇ, ನಿಲ್ಲೋದಿಲ್ಲ. ಉಳಿದದ್ದು ಏಳು ತಿರುಪು.

ನಾನು ಮನೆಗೆ ಓಡಿದೆ. ಅಕ್ಕಿ ಡಬ್ಬ ಸರಿಸಿ ಮಿಷನ್ನು ತಂದೆ. ಕೋಣೆ ಬಾಗಿಲಲ್ಲಿ ಅಪ್ಪ ಅಡ್ಡ ನಿಂತ. ಗೋಡೆ ಇದನ್ನು ಪೆಟ್ಟು ಅಂತ ತಿಳಿದರೆ ನಾಳೆ ಬೆಳಿಗ್ಗೆ ತನಕವೂ ಕಾಯೋದಿಲ್ಲ, ಈಗಲೇ ಒರಳು ಪುಡಿಪುಡಿ, ಒಳಗಿರೋರ ಕೈಯೂ ಪುಡಿ ಅಂದ. ಅವನು ಹೇಳಿದ್ದು ಸುಳ್ಳಲ್ಲ. ಆಗ ನಂಜಮ್ಮತ್ತೆ ಎದ್ದಳು.

"ಆಚಾರ್ರೇ, ಒರಳು ನಂದು. ಸುಮ್ಮನಿದ್ದರೂ ನಾಳೆ ಹೋಗುತ್ತೆ. ಹೋಗೋದಾದರೆ ಒಂದು ಕೈ ನೋಡಿಯೇ ಹೋಗಲಿ. ಸರ್ವಮಂಗಳ ಮಾಡಲಿ."

ಒನಕೆ ಅನ್ನಲಿಲ್ಲ ನೋಡಿ, ನನ್ನ ಪೂರಾ ಹೆಸರು ಹಿಡಿದು ಕರೆದಳು. ಅಪ್ಪ ಬಾಗಿಲು ಬಿಟ್ಟು ಸರಿದ. ಹೋಗಿ ಬೆವರಿದ ಗೋಡೆಗೆ ಎರಡೂ ಅಂಗೈ ಇಟ್ಟು ನಿಂತ. ಗೋಡೆ ಅಲುಗಿದರೆ ಹೇಳ್ತೀನಿ, ಆ ಕ್ಷಣ ಬಿಡಬೇಕು ಅಂದ.

ಮೊಣಕೈ ತಲೆ ಹಾಕಿದೆ. ಮಿಷನ್ನಿನ ಕತ್ತು ಮಾತ್ರ ಸಂದಿಯೊಳಗೆ, ನನ್ನ ದಪ್ಪ ಕೈ ಕಂಬದ ಪಕ್ಕದಲ್ಲಿ, ಹೊರಗೆ. ತುದಿ ಗಾಡಿಗೆ ಕೂತದ್ದು ಅಂಗೈಗೇ ತಿಳಿಯಿತು. ಉಸಿರು ಕಟ್ಟಿ ಗುಂಡಿ ಒತ್ತಿದೆ. ಗುರ್. ಅಪ್ಪನ ಮುಖ ನೋಡಿದೆ. ಕಣ್ಣು ಮುಚ್ಚಿಕೊಂಡಿದ್ದ. ಮೊದಲು ಮಿಷನ್ನು ನರಳಿತು, ಕೈ ತಿರುಚಿತು, ನಾನು ಬಿಗಿ ಹಿಡಿದೆ, ಇಲ್ಲೇ ನೋಡಿ ಒನಕೆ ಕೈ ಕೆಲಸಕ್ಕೆ ಬಂದದ್ದು. ಆಮೇಲೆ ಒಳಗೆಲ್ಲೋ ತುಕ್ಕು ಪಟ್ ಅಂತ ಬಿಟ್ಟಿತು, ತಿರುಪು ಸುತ್ತತೊಡಗಿತು. ಗೋಡೆ ಅಲುಗಲಿಲ್ಲ. ಅಪ್ಪ ಕಣ್ಣು ಬಿಟ್ಟು ತಲೆ ಆಡಿಸಿದ. ನನಗೆ ಕುಣಿಯೋ ಹಾಗಾಯಿತು.

ಆದರೆ ತಿರುಪು ಹೊರಗೆ ಬರ್ತಾ ಬರ್ತಾ ಗೋಡೆಗೂ ಅದಕ್ಕೂ ನಡುವಿನ ಜಾಗ ಕಮ್ಮಿಯಾಗುತ್ತೆ. ಅರ್ಧಕ್ಕೆ ಬಂದಾಗ ಮೊಣಕೈ ತಲೆಗೆ ಜಾಗ ಸಾಲದು. ಅದನ್ನು ಕಳಚಿ ಮೋಟು ತಲೆ ಹಾಕಿದೆ. ಇನ್ನಷ್ಟು ಬಂತು. ಕೊನೆಯ ನಾಲ್ಕು ಸುತ್ತು ಉಳಿದಾಗ ಮೋಟಿಗೂ ಜಾಗವಿಲ್ಲ, ಅದು ಬೆರಳಿನ ಕೆಲಸ, ಸಪೂರ ಬೆರಳಿನ ಕೆಲಸ. ಮೋನನ ಕೈಗೆ ನಂಜಮ್ಮತ್ತೆ ಅರಿಶಿನ ಹಚ್ಚಿ ಬಟ್ಟೆ ಸುತ್ತಿದ್ದಳು. ಅಪ್ಪ ನಾನು ಕೇಳೋ ಮೊದಲೇ ಒಂದು ಅಂಗೈ ಗೋಡೆಯಲ್ಲೇ ಬಿಟ್ಟು, ಇನ್ನೊಂದು ಕೈಯನ್ನು ಸಂದಿಗೆ ತೂರಿಸಿದ. ನಡುಗೋ ಕೈಗೆ ತಿರುಪುಳಿ ಆಗದಿದ್ದರೂ ಸಡಿಲಾದ ತಿರುಪು ಸುತ್ತೋದು ಆಗುತ್ತೆ. ಈಚೆ ತೆಗೆದು ನನ್ನ ಅಂಗೈಗೆ ಹಾಕಿದ. ನಾನು ಡಬ್ಬಿಗೆ ಹಾಕಿದೆ.

ಹಾಗೇ ಎರಡು, ಮೂರು, ನಾಲ್ಕು. ಲಯ ಸಿಕ್ಕಿಬಿಟ್ಟಿತು. ಮೊಣಕೈ, ಮೋಟು, ಅಪ್ಪ. ಮೊಣಕೈ, ಮೋಟು, ಅಪ್ಪ. ಕಿಟಕಿಯಲ್ಲಿ ಬೀದಿಯವರೆಲ್ಲ ಮುಖ ಒತ್ತಿಕೊಂಡು ನಿಂತಿದ್ದರು, ನನಗೆ ಬೆಲ್ಲ ತಿಂದಷ್ಟು ಖುಷಿ. ಆರನೆಯದು ಬಂದಾಗ ಇನ್ನೊಂದೇ ಅಂತ ತಿರುಗಿ ಕಿಟಕಿ ಕಡೆ ನೋಡಿ ನಕ್ಕೆ. ಆ ನಗುವೇ ಮುಳುವಾಯಿತು. ಮಿಷನ್ನು ಕೈಯಲ್ಲಿ ಜಾರಿ, ಅದರ ಬೆನ್ನು ಗೋಡೆಗೆ ಟಣ್ ಅಂತ ತಾಗಿತು.

ಗೋಡೆ ಒಂದು ಬೆರಳು ಬಂತು. ಸದ್ದೇ ಇಲ್ಲ, ಸುಣ್ಣದ ಪುಡಿ ಸ್ವಲ್ಪ ಉದುರಿತು, ಅಷ್ಟೇ. ಅಪ್ಪ ಕೈ ಎಳೆದುಕೊಂಡ, ಬೆರಳ ಗಂಟಿನ ಮೇಲೆ ಚರ್ಮ ಸುಲಿದಿತ್ತು. ಕಿಟಕಿಯ ಮುಖಗಳೆಲ್ಲ ಮಾಯ. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಹನ್ನೆರಡು ವರ್ಷದವಳ ಹಾಗೆ ಕಣ್ಣಲ್ಲಿ ನೀರು ಬಂತು. ಮಿಷನ್ನನ್ನು ಕೆಳಗಿಟ್ಟುಬಿಟ್ಟೆ, ನನ್ನ ಕೈ ಹಣೆಬರಹವೇ ಇಷ್ಟು ಅಂದೆ.

"ಅಳೋದು ಆಮೇಲೆ" ಅಂದ ಅಪ್ಪ. ಬೆರಳಿನ ರಕ್ತ ಪಂಚೆಗೆ ಒರೆಸಿಕೊಂಡ. "ಎಷ್ಟು ಸಂದು ಉಳಿದಿದೆ, ಅದನ್ನ ನೋಡು."

ನಾಲ್ಕು ಬೆರಳು. ಉಳಿದ ತಿರುಪು ನೆಲದ ಹತ್ತಿರ, ಮೂಲೆಯಲ್ಲಿ. ಮೊಣಕೈ ತಲೆ ಇಟ್ಟು ನೋಡಿದೆ, ತೂರಲಿಲ್ಲ. ಓರೆ ತಲೆ ಮೂಲೆಗೇನೋ ಹೋಯಿತು, ತುದಿ ಗಾಡಿಗೆ ಕೂರಲಿಲ್ಲ. ಮೋಟು ತಲೆ ಹಾಕಿ, ನೆಲದ ಮೇಲೆ ಬೋರಲು ಮಲಗಿ, ಕೆನ್ನೆ ಹಿಟ್ಟಿನ ನೆಲಕ್ಕೆ ಒತ್ತಿ, ಎರಡೂ ಕೈಯಲ್ಲಿ ಮಿಷನ್ನು ಹಿಡಿದೆ. ಅಪ್ಪನೂ ನನ್ನ ಎದುರಿಗೆ ಕಂಬದ ಆ ಪಕ್ಕ ಮಲಗಿ ತನ್ನ ಅಂಗೈಯನ್ನು ಮಿಷನ್ನಿನ ಬೆನ್ನಿಗೂ ಗೋಡೆಗೂ ನಡುವೆ ಇಟ್ಟ. ಇನ್ನೊಂದು ಸಲ ಜಾರಿದರೆ ಗೋಡೆಗೆ ತಾಗೋದು ಬೇಡ, ನನ್ನ ಕೈಗೆ ತಾಗಲಿ ಅಂದ. ಬೇಡ ಅಂದರೆ ಕೇಳಲಿಲ್ಲ. ಬ್ಯಾಟರಿ ಎಷ್ಟಿದೆ ಅಂತ ತೋರಿಸೋ ಮಿಷನ್ನಿನ ದೀಪದಲ್ಲಿ ಮೂರು ಚುಕ್ಕಿಗೆ ಒಂದೇ ಉಳಿದಿತ್ತು. ಗುಂಡಿ ಒತ್ತಿದೆ. ಮೆತ್ತಗೆ, ಮಗುವಿನ ಮೂಗು ಒರೆಸಿದಷ್ಟು ಮೆತ್ತಗೆ. ತಿರುಪು ಹಟ ಮಾಡಿತು, ಬಿಟ್ಟಿತು, ಒಂದು ಸುತ್ತು, ಎರಡು, ಅರ್ಧ ಬಂತು, ಮೋಟು ತಲೆ ಅಪ್ಪನ ಅಂಗೈಗೆ ಒತ್ತಿ ನಿಂತಿತು. ಇನ್ನರ್ಧ ಅಪ್ಪನ ಪಾಲು. ಎಷ್ಟು ಹೊತ್ತಾಯಿತೋ, ಬಷೀರ್ ಸಾಬರು ಸಂಜೆಯ ನಮಾಜಿಗೆ ಹೋಗಿ ತಿರುಗಿ ಬಂದಿದ್ದರು. ಅಪ್ಪ ಸುಲಿದ ಬೆರಳಲ್ಲಿ ಒಂದೊಂದೇ ಸುತ್ತು ಸುತ್ತಿ, ಕೊನೆಗೆ ತಿರುಪನ್ನು ಎರಡು ಬೆರಳಿನ ಸಂದಿನಲ್ಲಿ ಹಿಡಿದು ಎಳೆದ. ಒರಳು ಕಂಬ ಬಿಟ್ಟು ಅರ್ಧ ಬೆರಳು ಮುಂದಕ್ಕೆ ವಾಲಿತು. ನಂಜಮ್ಮತ್ತೆ ಅದನ್ನು ತಬ್ಬಿಕೊಂಡು ಜೋರಾಗಿ ಅತ್ತಳು.

ಕತ್ತಲಾಗೋದರೊಳಗೆ ಗೂಟ ಕಿತ್ತು, ಒರಳಿನ ಭಾಗಗಳನ್ನೆಲ್ಲ ಬಷೀರ್ ಸಾಬರ ಮನೆಗೆ ಹೊತ್ತು ಹಾಕಿದೆವು. ಬೆಳಿಗ್ಗೆ ಹಾಲಿನವನು ಬೀದಿ ದಾಟುವಷ್ಟರಲ್ಲಿ ಗೋಡೆ ಒಂದು ಗೇಣಿನ ಮೇಲೆ ಎರಡು ಬೆರಳು ನಡೆಯಿತು. ಎರಡೂ ಕಂಬ ಕಡ್ಡಿಯ ಹಾಗೆ ಮುರಿದವು. ಸಾಬರ ಮನೆಯಲ್ಲಿ ಹೊಸ ಕಂಬ ನಿಲ್ಲಿಸಿ ಒರಳು ಬಿಗಿಯುವಾಗ ನಾನು ಅಭ್ಯಾಸಬಲದಿಂದ ತಿರುಪನ್ನು ಗೋಡೆ ಕಡೆಯಿಂದ ಹಾಕೋಕೆ ಹೋದೆ. ನಂಜಮ್ಮತ್ತೆ ನನ್ನ ಕೈ ಹಿಡಿದಳು. ತಲೆಗಳು ಈಚೆಗಿರಲಿ, ನನ್ನ ಕಣ್ಣೆದುರಿಗೆ ಅಂದಳು. ಇಷ್ಟು ದಿನ ಚೆಂದ ನೋಡಿದ್ದು ಸಾಕು ಅಂತಲೂ ಅಂದಳು. ಎಲ್ಲರೂ ಅಪ್ಪನ ಮುಖ ನೋಡಿದರು. ಅಪ್ಪ ಒಂದು ತಿರುಪು ಎತ್ತಿ ನನ್ನ ಅಂಗೈಗೆ ಇಟ್ಟ. ನನಗೆ ಸಾಮಾನು ಎತ್ತಿಕೊಟ್ಟಿದ್ದು ಅದೇ ಮೊದಲು. ಮೊದಲ ಶಾವಿಗೆ ಒತ್ತೋಕೆ ಹಿಡಿ ಸುತ್ತಿದವಳೂ ನಾನೇ, ಆ ಕೆಲಸಕ್ಕೆ ಸಪೂರ ಕೈ ಆಗಿಬರೋದಿಲ್ಲ.

ಶಾವಿಗೆ ಪಾಯಸ ಉಂಡು ಮನೆಗೆ ಬಂದಾಗ ಅಪ್ಪ ತಲೆಬಾಗಿಲಲ್ಲೇ ನಿಂತುಬಿಟ್ಟ. ಮಿಷನ್ನು ಕೊಡು ಅಂದ. ಕೊಟ್ಟೆ. ಅದನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿ, ಮೊಣಕೈ ತಲೆಯನ್ನು ಮುಂದಿಟ್ಟು ಅಳತೆ ಬಳೆಯೊಳಗೆ ತೂರಿಸಿದ. ತಲೆ ಹೋಯಿತು, ಕತ್ತು ಹೋಯಿತು, ಬುಡದ ಬ್ಯಾಟರಿ ಹತ್ತಿರ ಸಿಕ್ಕಿಕೊಂಡಿತು. ಒತ್ತಿದ, ಹೋಗಲಿಲ್ಲ. ಎಳೆದ, ಬರಲೂ ಇಲ್ಲ. ಅಪ್ಪ ಸೊಂಟಕ್ಕೆ ಕೈ ಕೊಟ್ಟು ಅದನ್ನೇ ನೋಡಿದ.

"ಇದಕ್ಕೂ ನಿನ್ನ ಹಂಗೇ ದಪ್ಪ ಮಣಿಕಟ್ಟು" ಅಂದ. "ಸೋಪಿನ ನೀರು ಬೇಡ ಕಣೇ. ಬಳೆಯನ್ನೇ ಬಿಚ್ಚು."

ಮಿಷನ್ನನ್ನು ಮೆಲ್ಲಗೆ ತಿರುವಿ ಈಚೆ ತೆಗೆದು, ಮೂತಿ ಕಳಚಿ ನೆಟ್ಟಗಿನ ತಲೆ ಹಾಕಿದೆ. ನಾಲ್ಕು ತಿರುಪು, ಮುತ್ತಜ್ಜನ ಕಾಲದ್ದು. ಒಂದೊಂದೂ ಗುರ್ ಅಂತ ಬಂತು. ಅಪ್ಪ ಕೆಳಗೆ ಎರಡೂ ಕೈ ಒಡ್ಡಿ ನಿಂತಿದ್ದ. ಬಳೆ ಬಿದ್ದರೆ ಪೆಟ್ಟಾಗುತ್ತಲ್ಲ, ಅದಕ್ಕೆ.